ಹೊಳೆ ದಾಟಿದ ಹೊಲದ ಒಡತಿ

ನಮ್ಮ ಪಕ್ಕದ ಮನೆಯ ದೊಡ್ಡವ್ವನಿಗೆ ತನ್ನ ಹೊಲ ನೋಡಬೇಕೆಂದರೆ ಹಿತ್ತಲ ಬಾಗಿಲು ತೆರೆದರೆ ಸಾಕಿತ್ತು. ಆ ಹೊಲದಲ್ಲಿ ಕಾಲಿಡಬೇಕೆಂದರೆ ಮಾತ್ರ ಮಳೆಗಾಲದಲ್ಲಿ ಬಸ್ಸು ಹತ್ತಿ, ದೂರದ ಸೇತುವೆ ಸುತ್ತಿ, ಆಚೆ ಊರಿನಲ್ಲಿ ಇಳಿದು ನಡೆಯಬೇಕಿತ್ತು. ನಾನೀಗ ಕಲಿಸುವ ರಾಯದುರ್ಗದ ಶಾಲೆಯಲ್ಲಿ ಜೊತೆಯ ಮೇಡಮ್ಮುಗಳಿಗೆ ಇದನ್ನು ಹೇಳಿದರೆ ನಾನು ಕತೆ ಕಟ್ಟುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಕಟ್ಟಿದ್ದು ನಾನಲ್ಲ, ಹಗರಿ ಹೊಳೆ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಆಕೆಯ ಮಗ ಫೋನ್ ಮಾಡಿ, "ಅಕ್ಕಾ, ಅವ್ವ ಹೋದ್ಳು. ರಾತ್ರಿ ಉಂಡು ಮಲಗಿದಾಕಿ ಏಳಲೇ ಇಲ್ಲ" ಎಂದ. ದನಿಯಲ್ಲಿ ದುಃಖಕ್ಕಿಂತ ಬೆರಗೇ ಹೆಚ್ಚಿತ್ತು. ಆಕೆ ಯಾವ ಕೆಲಸವನ್ನೂ ಅಷ್ಟು ಸದ್ದಿಲ್ಲದೆ ಮಾಡಿದವಳಲ್ಲ.

ನನ್ನ ತವರು ಮಡಕಶಿರಾ ಕಡೆಯ ಅಗಳಿ. ಅಲ್ಲಿ ನೀರೆಂದರೆ ಬಾವಿ, ಇಲ್ಲವೆ ಆಕಾಶ. ಹೊಳೆಯ ದಂಡೆಯ ಊರಿಗೆ ಕೊಡುತ್ತಿದ್ದಾರೆ ಎಂದಾಗ ನಾನು ತುಂಬಾ ಕನಸು ಕಂಡಿದ್ದೆ. ಮದುವೆಯ ಮರುದಿನ ಹಿತ್ತಲಿಗೆ ಬಂದು ನೋಡಿದರೆ ಕಣ್ಣು ಹಾಯುವಷ್ಟು ದೂರ ಮರಳು, ಅದರ ಮೇಲೆ ನಾಲ್ಕು ಕುರಿ.

"ಹೊಳೆ ಎಲ್ಲೈತೆ?" ಎಂದು ನನ್ನಷ್ಟಕ್ಕೆ ಅಂದುಕೊಂಡದ್ದು ಪಕ್ಕದ ಗೋಡೆಯಾಚೆ ಕೇಳಿಸಿತು. ಮೊದಲು ಒಂದು ನಗೆ ಬಂತು, ಆಮೇಲೆ ತಲೆಯ ಮೇಲೆ ಸೆರಗು ಹೊದ್ದ ಒಂದು ಉದ್ದನೆಯ ಮುಖ.

"ಹೊಳಿ ಊರಿಗೆ ಹೋಗೈತವ್ವ, ಮಳಿ ಬಂದ್ರ ತಿರುಗಿ ಬರ್ತೈತಿ. ನೀನು ಅಗಳಿ ಹುಡುಗಿ ಅಲ್ಲೇನು? ನಿಮ್ಮ ಕಡೆ 'ಐತೆ' ಅಂತೀರಿ. ಇಲ್ಲಿ 'ಐತಿ' ಅನ್ನಬೇಕು, ಇಲ್ಲಂದ್ರ ಹೊಳಿಗೆ ತಿಳಿಯಂಗಿಲ್ಲ."

ಅಂದಿನಿಂದ ನಾನು ಆಕೆಗೆ 'ಏ ಅಗಳಿ'. ಆಕೆ ನನಗೆ ದೊಡ್ಡವ್ವ. ರಕ್ತಸಂಬಂಧವೇನೂ ಇರಲಿಲ್ಲ; ನಮ್ಮ ಎರಡು ಮನೆಗಳ ನಡುವೆ ಒಂದು ಸಂದಿ ಮಾತ್ರ ಇತ್ತು.

ಆ ಸಂದಿಯಿಂದಲೇ ಆಕೆಯ ಸ್ವಭಾವ ನನಗೆ ಗೊತ್ತಾದದ್ದು. ನಮ್ಮ ಮಾವ ಬಚ್ಚಲ ನೀರು ಹೋಗಲೆಂದು ಸಂದಿಯಲ್ಲಿ ಕಲ್ಲು ಹಾಸಿಸಿದರು. ಒಂದು ಕಲ್ಲು ಆಕೆಯ ಗೋಡೆಯ ಕಡೆ ಸರಿದಿತ್ತು. ದೊಡ್ಡವ್ವ ಪೊರಕೆ ಹಿಡಿದು ಬಂದಳು, ಗುಡಿಸುವುದಕ್ಕಲ್ಲ, ಅಳೆಯುವುದಕ್ಕೆ. ಪೊರಕೆಯನ್ನು ಗೋಡೆಗೆ ಆನಿಸಿ, ಅದರ ತುದಿ ಬೀಳುವ ಜಾಗಕ್ಕೆ ಕಾಲಬೆರಳಿನಿಂದ ಗೀರು ಎಳೆದು, "ಅಣ್ಣಾರ, ಇಲ್ಲಿ ತನಕ ನಂದು. ನಿಂದು ನಿಂದ, ನಂದು ನಂದ. ಕಲ್ಲು ತಗೀರಿ" ಎಂದಳು. ಮಾವ ತೆಗೆಸಿದರು. ಅದೇ ಸಂಜೆ ಆಕೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ ತಂದು ನಮ್ಮ ಅಡುಗೆಮನೆಯಲ್ಲಿ ಕುಳಿತು ನನಗೆ ತಿನ್ನಿಸಿದಳು. ಜಗಳ ಆ ಹೊತ್ತಿಗೆ ಆಕೆಗೆ ನೆನಪಿನಲ್ಲೇ ಇರಲಿಲ್ಲ. ನೆನಪಿದ್ದದ್ದು ಗೀರು ಮಾತ್ರ.

ಒಂದು ಗೇಣು ಜಾಗವನ್ನೂ ಬಿಟ್ಟುಕೊಡುವ ಹೆಂಗಸಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಆಕೆಯ ಕೋಳಿ ಬೇರೆಯವರ ಹಿತ್ತಲಲ್ಲಿ ಮೊಟ್ಟೆಯಿಟ್ಟರೆ ಹೋಗಿ ಕೇಳಿ ತರುತ್ತಿದ್ದಳು. ಬೇರೆಯವರ ಕೋಳಿ ಆಕೆಯ ಹಿತ್ತಲಲ್ಲಿ ಇಟ್ಟರೂ ಅಷ್ಟೇ, ಯಾರ ಕೋಳಿ ಎಂದು ಓಣಿಯೆಲ್ಲ ಕೂಗಿ ವಿಚಾರಿಸಿ ಮೊಟ್ಟೆ ಮುಟ್ಟಿಸುತ್ತಿದ್ದಳು. ಜನ ಆಡಿಕೊಳ್ಳುತ್ತಿದ್ದದ್ದು ಮೊದಲನೆಯದನ್ನು ಮಾತ್ರ.

ಆಕೆಯ ಗಂಡ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಇದ್ದದ್ದು ಒಬ್ಬ ಮಗ, ಕೆಲವು ಕುರಿ, ಹೊಳೆಯ ಬಾಗಿನಲ್ಲಿ ಒಂದು ಹೊಲ. ನಮ್ಮೂರ ಹತ್ತಿರ ಹಗರಿ ಕುಡುಗೋಲಿನಂತೆ ಬಾಗಿ ಹೋಗುತ್ತಿತ್ತು. ಆ ಬಾಗಿನ ಹೊಟ್ಟೆಯಲ್ಲಿ ಆಕೆಯ ಹೊಲ. ಜಾಲಿಯ ಮೆಳೆ ಕಡಿದು, ಬೇರು ಅಗೆದು, ಗಂಡ ಹೆಂಡತಿ ಇಬ್ಬರೇ ಕಲ್ಲು ಹೊತ್ತು ಬದುವಿಗೆ ಹಾಕಿ ಮಾಡಿದ ಹೊಲವದು. ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಿಂತು, ಮುಖ ತೊಳೆಯುವ ಮೊದಲು, ಆ ಕಡೆ ನೋಡಿ "ಎದ್ಯಾ?" ಎನ್ನುತ್ತಿದ್ದಳು. ಮಗನನ್ನು ಎಬ್ಬಿಸುತ್ತಿದ್ದಾಳೆ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ನಾನು ಬಂದ ಎರಡನೆಯ ಮಳೆಗಾಲದಲ್ಲಿ ಹೊಳೆ ನಿಜಕ್ಕೂ ಊರಿಗೆ ತಿರುಗಿ ಬಂತು. ಮೇಲೆ ಎಲ್ಲೋ ಸುರಿದ ಮಳೆಗೆ ಕೆಂಪು ನೀರು ದಂಡೆ ತುಂಬಿ ಬಂದು ಊರಿನ ಕೆಳಗಿನ ಓಣಿಯ ಮೆಟ್ಟಿಲು ಮುಟ್ಟಿತು. ಮನೆಗಳು ಉಳಿದವು, ಯಾರ ಜೀವಕ್ಕೂ ತೊಂದರೆಯಾಗಲಿಲ್ಲ. ನೀರು ಇಳಿದ ಮೇಲೆ ನೋಡಿದರೆ ಹೊಳೆ ತನ್ನ ದಾರಿಯನ್ನೇ ಬದಲಿಸಿತ್ತು. ಬಾಗನ್ನು ಸುತ್ತುವ ಬೇಸರಕ್ಕೋ ಏನೋ, ಊರಿಗೂ ದೊಡ್ಡವ್ವನ ಹೊಲಕ್ಕೂ ನಡುವೆ ಇದ್ದ ತಗ್ಗನ್ನು ಕೊರೆದುಕೊಂಡು ನೆಟ್ಟಗೆ ಹರಿದಿತ್ತು. ಹಳೆಯ ಹರಿವಿನ ಜಾಗದಲ್ಲಿ ಬರೀ ಮರಳು. ಆಕೆಯ ಹೊಲ, ಬದುವಿನ ಬೇವಿನಮರದ ಸಮೇತ, ಆಚೆ ಊರಿನ ನೆಲಕ್ಕೆ ಅಂಟಿಕೊಂಡಿತ್ತು.

ಹೆಂಗಸರೆಲ್ಲ ಸಾವಿನ ಮನೆಗೆ ಹೋದಂತೆ ಮುಖ ಮಾಡಿಕೊಂಡು ಆಕೆಯ ಮನೆಗೆ ಹೋದರು. ಆಕೆ ಮನೆಯ ಹಿಂದಿನ ದಂಡೆಯ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಎದಕ ಅಳ್ತೀರಿ? ಕೊಚ್ಚಿಗೊಂಡು ಹೋಗಿದ್ರ ಅಳಬೇಕಿತ್ತು. ಕಾಣಾಕತ್ತೈತಿ ನೋಡ್ರಿ, ಬದು ಸೈತ ಐತಿ. ಹೆಣ್ಣುಮಗಳು ಗಂಡನ ಮನಿಗೆ ಹೋದಂಗ ಆಗೈತಿ, ಅಷ್ಟ."

ಹಾಗೆ ಹೇಳಿದಳೇ ಹೊರತು ಆ ವರ್ಷ ಆಕೆ ಪಟ್ಟ ಪಾಡು ನಾನು ಬಲ್ಲೆ. ನೀರಿರುವಷ್ಟು ದಿನ ಬಸ್ಸು, ನೀರಿಳಿದ ಮೇಲೆ ಮೊಣಕಾಲುದ್ದದ ಕೆಸರು. ಶೇಂಗಾ ಕಿತ್ತ ಮೇಲೆ ಬಂಡಿ ಮರಳಿನಲ್ಲಿ ಹೂತು, ಎತ್ತುಗಳು ಮಂಡಿಯೂರಿ, ಕೊನೆಗೆ ಮೂಟೆಗಳನ್ನು ತಾಯಿ ಮಗ ತಲೆಯ ಮೇಲೆ ಹೊತ್ತು ತಂದರು.

ಈ ಪಾಡು ಪಡುತ್ತಿದ್ದವಳು ಆಕೆಯೊಬ್ಬಳೇ ಅಲ್ಲ. ಸ್ವಲ್ಪ ಕೆಳಗೆ ಹೊಳೆ ಇನ್ನೊಂದು ಬಾಗನ್ನೂ ಹೀಗೇ ನೆಟ್ಟಗೆ ಮಾಡಿತ್ತು. ಅಲ್ಲಿ ಆಚೆ ಊರಿನ ಒಬ್ಬರ ಹೊಲ ತುಂಡಾಗಿ ನಮ್ಮ ಹಿತ್ತಲುಗಳ ಹಿಂದೆ ಬಂದು ಕೂತಿತ್ತು. ಅವರು ದಿನಾ ಪಂಚೆ ಮೇಲೆತ್ತಿ, ಚಪ್ಪಲಿ ಕೈಯಲ್ಲಿ ಹಿಡಿದು, ಟವೆಲ್ಲು ತಲೆಗೆ ಸುತ್ತಿಕೊಂಡು ಈಚೆಗೆ ದಾಟುತ್ತಿದ್ದರು. ದೊಡ್ಡವ್ವ ಆಚೆಗೆ ದಾಟುತ್ತಿದ್ದಳು. ಅವರು ಬಹಳ ನಾಚಿಕೆಯ ಮನುಷ್ಯ, ಹೆಂಗಸರನ್ನು ಕಂಡರೆ ತಲೆ ತಗ್ಗಿಸಿ ಹೋಗುವವರು. ಬಹಳ ದಿನ ಇಬ್ಬರೂ ಹೀಗೆ ನೀರಿನಲ್ಲಿ ಎದುರುಬದುರಾಗಿ ಮಾತಿಲ್ಲದೆ ಹಾದುಹೋದರು. ಒಂದು ದಿನ ನಾನು ಬಟ್ಟೆ ಒಗೆಯುತ್ತಿದ್ದಾಗ ದೊಡ್ಡವ್ವ ನಡು ನೀರಿನಲ್ಲಿ ಅವರನ್ನು ನಿಲ್ಲಿಸಿದಳು.

"ಅಣ್ಣಾರ, ನಿಲ್ರಿ ಸ್ವಲ್ಪ. ನಿಮ್ಮ ಹೊಲ ನನ್ನ ಹಿತ್ತಲದಾಗ ಬಂದು ಕುಂತೈತಿ. ನಂದು ನಿಮ್ಮೂರಿಗೆ ಹೋಗೈತಿ. ನಾವಿಬ್ಬರು ಯಾಕ ದಿನಾ ಕಾಲು ನೆನಸಬೇಕು?"

ಅವರು ನೀರನ್ನೇ ನೋಡುತ್ತಾ, "ಹೊಳಿ ಮಾಡಿದ್ದವ್ವ, ನಾವೇನು ಮಾಡಾಕ ಬರ್ತೈತಿ?" ಎಂದರು.

"ಹೊಳಿ ಅರ್ಧ ಮಾಡೈತಿ, ಉಳಿದರ್ಧ ನಾವು ಮಾಡಾಣು. ನಿಮ್ಮದನ್ನ ನಾನು ಬಿತ್ತತೀನಿ, ನಂದನ್ನ ನೀವು ಬಿತ್ತರಿ. ಮಾರೂದು ಬ್ಯಾಡ, ಬರಿಯೂದು ಬ್ಯಾಡ. ನಿಂದು ನಿಂದ, ನಂದು ನಂದ. ಬಿತ್ತೂದು ಮಾತ್ರ ಬದಲಿ."

ಅವರು ಬಹಳ ಹೊತ್ತು ಯೋಚಿಸಿದರು. ಪಂಚೆ ನೆನೆದು ನೀರಿನಲ್ಲಿ ತೇಲತೊಡಗಿತು. ಕೊನೆಗೆ "ಆತು ತಗೋರಿ" ಎಂದು, ಬಂದ ದಾರಿಯಲ್ಲೇ ತಮ್ಮ ಊರಿಗೆ ಹಿಂದಿರುಗಿದರು. ಆಕೆಯೂ ತಿರುಗಿ ಬಂದಳು. ಆವತ್ತಿನಿಂದ ಇಬ್ಬರೂ ಹೊಳೆ ದಾಟುವುದು ನಿಂತಿತು.

ಅಥವಾ ಹಾಗೆ ನಾವು ಅಂದುಕೊಂಡೆವು. ಕಾಲು ದಾಟುವುದು ನಿಂತಿತು; ದನಿ ದಾಟುವುದು ಶುರುವಾಯಿತು. ತನ್ನ ಹೊಲವನ್ನು ಇನ್ನೊಬ್ಬರು ಉಳುವುದನ್ನು ದಿನಾ ಕಣ್ಣಾರೆ ನೋಡಿಕೊಂಡು ಸುಮ್ಮನಿರುವ ಜಾತಿಯಲ್ಲ ಆಕೆ.

"ಅಣ್ಣಾರಽ! ಆ ಮೂಲಿ ಬಿಟ್ರಿ! ಮೂಲಿ ಗಟ್ಟಿ ಐತಿ, ಎರಡು ಸಲ ಹೊಡೀರಿ!"

ಅವರು ನೇಗಿಲು ನಿಲ್ಲಿಸಿ ಹಿಂದಿರುಗಿ ಮೂಲೆ ಹೊಡೆಯುತ್ತಿದ್ದರು. ಆಕೆ ನನ್ನ ಕಡೆ ತಿರುಗಿ, "ನೋಡಲ್ಲಿ ಅಗಳಿ, ಸಾಲು ಹೆಂಗ ಹೊಡದಾನ, ಹಾವು ಹರದಂಗ" ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು. ಆ ನಾಚಿಕೆಯ ಮನುಷ್ಯ ಒಂದೆರಡು ವರ್ಷದಲ್ಲಿ ತಾವೂ ಕೂಗಲು ಕಲಿತರು. ಆಕೆ ಅವರ ಹೊಲದಲ್ಲಿ ಕಾಳು ಬಿತ್ತುವಾಗ ಆಚೆಯಿಂದ ತೆಳ್ಳಗೆ ಒಂದು ದನಿ ಬರುತ್ತಿತ್ತು: "ಅವ್ವಾಽ, ಎರಿ ಮಣ್ಣೈತಿ, ಇನ್ನೂ ಹಸಿ ಆರಿಲ್ಲ, ನಾಕ ದಿನ ತಡೀರಿ!" ಆಕೆ ಗೊಣಗುತ್ತಾ ತಡೆಯುತ್ತಿದ್ದಳು. ಊರಿನವರಿಗೆ ಇದು ದಿನದ ಮನರಂಜನೆ. ಇಬ್ಬರಿಗೂ ಇದರಲ್ಲಿ ಏನೂ ತಮಾಷೆ ಕಾಣುತ್ತಿರಲಿಲ್ಲ.

ಪ್ರತಿ ಸುಗ್ಗಿಯಲ್ಲೂ ಬೆಳೆದದ್ದರಲ್ಲಿ ಮೊದಲ ಮೊರದಷ್ಟನ್ನು ಆ ನೆಲದ ಒಡೆಯರಿಗೆ ಕಳಿಸುವುದು ಇಬ್ಬರ ನಡುವಿನ ರೂಢಿಯಾಯಿತು. ಒಮ್ಮೆ ನಾನೇ ತೊಗರಿ ಹೊತ್ತು ಆಚೆ ಊರಿಗೆ ಹೋಗಿದ್ದೆ. ಅವರು ಕೈಕಾಲು ತೊಳೆದು ಬಂದು ಎರಡೂ ಕೈಯಿಂದ ಇಸಿದುಕೊಂಡು, ತಮ್ಮ ದೇವರ ಮುಂದೆ ಇಟ್ಟರು. ಆಕೆಗೆಂದು ಒಂದು ಚೀಲ ಸಜ್ಜೆ ಕೊಟ್ಟು, "ಅವ್ವನ ಹೊಲದ್ದು ಅಂತ ಹೇಳ್ರಿ" ಎಂದರು. ದೊಡ್ಡವ್ವ ಚೀಲ ಬಿಚ್ಚಿ, ಮುಷ್ಟಿ ಸಜ್ಜೆ ತೆಗೆದು ಮೂಸಿ ನೋಡಿದಳು. ಕಾಳಿನ ಗುಣ ನೋಡುತ್ತಿದ್ದಾಳೆ ಎಂದುಕೊಂಡೆ. ಆ ಮುಷ್ಟಿಯನ್ನು ಆಕೆ ಬಹಳ ಹೊತ್ತು ಚೀಲಕ್ಕೆ ಹಾಕಲೇ ಇಲ್ಲ.

ಮಗ ದೊಡ್ಡವನಾಗಿ, ಮದುವೆಯಾಗಿ, ಹೊಲಕ್ಕೊಂದು ಬೋರು ಹಾಕಿಸೋಣ ಎಂದ. ಆಕೆ ಮೊದಲು ದಂಡೆಗೆ ಹೋಗಿ ಕೂಗಿ ಕೇಳಿದಳು: "ಅಣ್ಣಾರಽ, ನಿಮ್ಮ ಹೊಲಕ್ಕ ತೂತು ಹಾಕಲೇನ್ರಿ?" ಅವರು ಮರುದಿನ ತೆಂಗಿನಕಾಯಿ ಹಿಡಿದುಕೊಂಡು ಖುದ್ದಾಗಿ ಬಂದರು. ನೀರಿನ ಸೆಲೆ ಎಲ್ಲಿದೆ ಎಂದು ನೋಡಲು ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ಹೊಲದ ತುಂಬ ನಿಧಾನಕ್ಕೆ ನಡೆದರು. ಒಂದು ಕಡೆ ಕಾಯಿ ಎದ್ದು ನಿಂತಿತು. "ಇಲ್ಲಿ" ಎಂದರು. ಅಲ್ಲಿ ಹಾಕಿಸಿದ ಬೋರಿನಲ್ಲಿ ಒಂದು ಹನಿ ನೀರೂ ಬರಲಿಲ್ಲ. ಅವರ ಮುಖ ಸಣ್ಣದಾಯಿತು. ಮಗ ಬೈಯಲು ಬಾಯಿ ತೆರೆದಾಗ ದೊಡ್ಡವ್ವ, "ಕಾಯಿ ಒಡೀರಿ, ಹಸಿವಾಗೈತಿ" ಎಂದು ಅದೇ ಕಾಯಿ ಒಡೆಸಿ ಎಲ್ಲರಿಗೂ ಹಂಚಿದಳು. ಮುಂದಿನ ವರ್ಷ ಮಗ ಇನ್ನೊಂದು ಮೂಲೆಯಲ್ಲಿ ಹಾಕಿಸಿದ ಬೋರಿನಲ್ಲಿ ಧಾರಾಳವಾಗಿ ನೀರು ಬಂತು. ಅವನು ಟೊಮೆಟೊ ಹಾಕಿದ, ಮೆಣಸಿನಕಾಯಿ ಹಾಕಿದ, ಹೊಸ ಬೈಕು ತಂದ. ಮನೆಗೆ ಬಣ್ಣ ಬಂತು.

ಅಷ್ಟರಲ್ಲಿ ನಾವು ಮಕ್ಕಳ ಓದಿಗೆಂದು ರಾಯದುರ್ಗಕ್ಕೆ ಬಂದೆವು. ಹಬ್ಬಕ್ಕೆ, ರಜೆಗೆ ಊರಿಗೆ ಹೋಗುತ್ತಿದ್ದೆ. ಹಾಗೊಂದು ರಜೆಯಲ್ಲಿ ಹೋದಾಗ ದಂಡೆ ಮೌನವಾಗಿತ್ತು. ಆಚೆಯ ಅಣ್ಣನಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋಗಿದ್ದವು. ಅವರ ಹೆಂಡತಿ ಮೊದಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಅಮರಾಪುರಕ್ಕೆ ಕೊಟ್ಟವಳು, ಬಂದು ನೋಡಿಕೊಳ್ಳುತ್ತಿದ್ದಳು. ಅದೇ ಹೊತ್ತಿಗೆ ಸರ್ಕಾರದವರು ಊರೂರಿನ ಜಮೀನು ಹೊಸದಾಗಿ ಸರ್ವೆ ಮಾಡಿ ಒಡೆತನದ ಪಾಸ್‌ಬುಕ್ ಕೊಡುತ್ತಾರೆ, ಹೊಲದ ಒಡೆಯರೆಲ್ಲ ತಮ್ಮ ಗಡಿಯಲ್ಲಿ ನಿಲ್ಲಬೇಕು ಎಂದು ಡಂಗುರ ಸಾರಿದ್ದರು.

ಮಗ ಅವ್ವನ ಹಿಂದೆ ಬಿದ್ದಿದ್ದ. "ಅವ್ವ, ಇಷ್ಟು ವರ್ಷ ನಾವ ಮಾಡೀವಿ. ಬೋರು ನಮ್ಮದು. ಉಳುಮಿ ನಮ್ಮದು. ನಮ್ಮದು ಅಂತ ಹೇಳಿಬಿಡು. ಅವರಿಗೆ ಮಾತು ಬರಂಗಿಲ್ಲ, ಆ ಹುಡುಗಿಗೆ ಏನೂ ಗೊತ್ತಿಲ್ಲ. ನಮ್ಮದನ್ನ ಅವರು ಇಟ್ಕೊಳ್ಳಲಿ, ಅದೂ ದೊಡ್ಡದ ಐತಿ, ಅವರಿಗೇನು ಮೋಸ ಆಗಂಗಿಲ್ಲ."

ಅವನ ಮಾತಿನಲ್ಲಿ ದುರಾಸೆ ಏನೂ ಇರಲಿಲ್ಲ ಎಂದೇ ನನಗೆ ಈಗಲೂ ಅನಿಸುತ್ತದೆ. ಬೆವರು ಸುರಿಸಿದ ಜಾಗ, ನೀರು ಕಂಡ ಜಾಗ. ಊರಿನ ಹಿರಿಯರೂ ಅವನ ಪರವಾಗಿದ್ದರು. ದೊಡ್ಡವ್ವ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಟ್ಟೆಯ ಮೇಲೆ ಕಾಲು ನೀಡಿಕೊಂಡು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೂತಿರುತ್ತಿದ್ದಳು. ಆಕೆ ಅಷ್ಟು ದಿನ ದನಿಯೆತ್ತದೆ ಇದ್ದದ್ದನ್ನು ನಾನು ನೋಡಿದ್ದೇ ಇಲ್ಲ.

"ಏನ್ ಮಾಡ್ತೀ ದೊಡ್ಡವ್ವ?" ಎಂದೆ.

"ಏ ಅಗಳಿ, ನಿನ್ನ ಬುಗುಡಿ ಕಳದು ಹೋಗಿ, ಅದರ ಬದಲಿ ಯಾರಾರ ಬಂಗಾರದ ಸರ ಕೊಟ್ರ ನೀನು ಏನ್ ಮಾಡ್ತಿ?"

"ಸರ ಹಾಕ್ಕೊಂಡು ಓಡಾಡ್ತೀನಿ."

"ಹಾಕ್ಕೊ. ಕಿವಿ ಮುಟ್ಟಿ ನೋಡಿಕೊಳ್ಳಂಗಿಲ್ಲೇನು?"

ಅಷ್ಟು ಹೇಳಿ ಮತ್ತೆ ಮೆಣಸಿನಕಾಯಿಗೆ ಕೈ ಹಾಕಿದಳು.

ಸರ್ವೆಯ ದಿನ ನಾನೂ ಹೋದೆ. ಅರ್ಧ ಊರು ಬಂದಿತ್ತು. ಆಚೆ ಊರಿನಿಂದ ಆಟೋದಲ್ಲಿ ಅವರನ್ನು ಕೂರಿಸಿಕೊಂಡು ಮಗಳು ಬಂದಿದ್ದಳು. ಗಟ್ಟಿಯಾಗಿ ಸೆರಗು ಸಿಕ್ಕಿಸಿಕೊಂಡು, ಜಗಳಕ್ಕೇ ತಯಾರಾಗಿ ಬಂದ ಹಾಗಿತ್ತು. ನನ್ನ ಮಾತು ಕೇಳಿ ಅಮರಾಪುರದ ಕಡೆಯವಳು ಎಂದು ಗುರುತು ಹಿಡಿದು, "ನೋಡಕ್ಕ, ನಮ್ಮಪ್ಪಂಗೆ ಬಾಯಿಲ್ಲ ಅಂತ ನಮ್ಮ ಹೊಲದಾಗೆ ಬೋರು ಹಾಕ್ಕಂಡು ಕುಂತವ್ರೆ. ನಾನು ಸುಮ್ಕೆ ಬಿಡಾಕಿಲ್ಲ" ಎಂದಳು. ಗಂಡನ ಊರಿನ ಮಾತು ಅವಳ ನಾಲಿಗೆಯಲ್ಲಿ ಪೂರ್ತಿ ಕೂತಿತ್ತು. ಅವಳ ಅಪ್ಪ ಆಚೆಯಲ್ಲಿ ಇಷ್ಟು ವರ್ಷ ಬಿತ್ತಿದ್ದು ದೊಡ್ಡವ್ವನ ಹೊಲ ಎನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಸರ್ವೇಯರು ಬಂದರು. ಚಿಕ್ಕ ವಯಸ್ಸಿನ ಸಮಾಧಾನದ ಹುಡುಗ.

"ಈ ಪೊಲಂ ಎವರಿದಮ್ಮಾ?" ಎಂದು ಸರ್ಕಾರಿ ಮಾತಾದ ತೆಲುಗಿನಲ್ಲಿ ಕೇಳಿದ. ಈ ಹೊಲ ಯಾರದು?

ಮಗ ಅವ್ವನ ಮುಖ ನೋಡಿದ. ಆಚೆಯ ಮಗಳು ಒಂದು ಹೆಜ್ಜೆ ಮುಂದೆ ಬಂದಳು. ಆಟೋದಲ್ಲಿ ಕೂತಿದ್ದ ಅವರು ಎಡಗೈಯಿಂದ ಕಂಬಿ ಹಿಡಿದು, ಏನೋ ಹೇಳಲು ಹೋಗಿ, ದನಿ ಬರದೆ, ನೆಲ ನೋಡಿದರು.

ದೊಡ್ಡವ್ವ ಕೈ ಚಾಚಿ ಆಟೋ ತೋರಿಸಿದಳು. "ಅಗಾ, ಅಲ್ಲಿ ಕುಂತಾರಲ್ಲ, ಅವರದು. ಬದುವಿನ ಕಲ್ಲಿನಿಂದ ಆ ಹುಣಸಿ ಗಿಡದ ತನಕ ಅವರದು. ನೀರು ಅದರ ಒಳಗಿಂದ ಬಂದೈತಿ, ಅದೂ ಅವರದ. ಪೈಪು, ಮೋಟ್ರು ನನ್ನ ಮಗಂದು. ಬರಕೋಳ್ರಿ."

ಮಗ "ಅವ್ವಾ!" ಎಂದ. ಯಾರೋ "ಹುಚ್ಚು ಹಿಡದೈತೇನು ಇವಳಿಗೆ" ಎಂದರು. ಸರ್ವೇಯರು ಬರೆದುಕೊಂಡ. ಆಕೆ ಅವನ ತೋಳು ಹಿಡಿದು, "ಇನ್ನ ಹೊಳಿ ದಾಟಿ ಬರ್ರಿ, ನಂದು ಆಚೆ ಐತಿ, ಅದಕ್ಕೂ ಹೆಸರು ಬರೀರಿ" ಎಂದು ಎಳೆದಳು. ಆ ವರ್ಷ ಹೊಳೆಯಲ್ಲಿ ಕಣಕಾಲಷ್ಟು ನೀರಿತ್ತು. ಆಕೆ ಎಲ್ಲರಿಗಿಂತ ಮುಂದೆ ಸೀರೆ ಎತ್ತಿಕಟ್ಟಿ ನಡೆದಳು. ಹಿಂದೆ ಸರ್ವೇಯರು, ನಾನು, ಏನು ನಡೆಯುತ್ತಿದೆ ಎಂದು ತಿಳಿಯದ ಆ ಮಗಳು. ಅವಳ ಅಪ್ಪನನ್ನು ಆಟೋದಲ್ಲೇ ಸೇತುವೆ ಸುತ್ತಿಸಿ ಕರೆತಂದರು.

ಬೇವಿನಮರದ ಕೆಳಗೆ ನಿಂತು ದೊಡ್ಡವ್ವ ಕಾಲಿನಿಂದ ನೆಲ ಕೆರೆದಳು. ಬಗ್ಗಿ ಒಂದು ಹೆಂಟೆ ಎತ್ತಿ ಪುಡಿಮಾಡಿದಳು. ಆಮೇಲೆ ಹೊಲದ ಸುತ್ತ ಬದುವಿನ ಮೇಲೆ ಒಬ್ಬಳೇ ನಡೆದು ಬಂದಳು. ಬರುವಾಗ ಆಕೆಯ ಮುಖದಲ್ಲಿ ಇದ್ದದ್ದು ತ್ಯಾಗ ಮಾಡಿದವರ ಮುಖದಲ್ಲಿ ಇರುವಂಥದ್ದಲ್ಲ. ತಿಂಡಿ ಗಿಟ್ಟಿಸಿಕೊಂಡ ಮಕ್ಕಳ ಮುಖದಲ್ಲಿ ಇರುವಂಥದ್ದು.

"ಅಮ್ಮಣ್ಣೀ, ಇದು ನಂದು. ನಿಮ್ಮಪ್ಪಾರಿಗೆ ಬಿತ್ತಾಕ ಕೊಟ್ಟಿದ್ದೆ. ಸಾಲು ಸೊಟ್ಟ ಹೊಡದಾರ, ಆದ್ರ ಮಣ್ಣು ಚಲೋ ಇಟ್ಟಾರ. ಇನ್ನ ನನಗ ಕೊಟ್ಟುಬಿಡು" ಎಂದಳು.

ಆ ಹುಡುಗಿ ಅಲ್ಲೇ ಬದುವಿನ ಮೇಲೆ ಕೂತುಬಿಟ್ಟಳು. "ನಮ್ಮಪ್ಪ ಒಂದಿನಾನೂ ಹೇಳ್ಲಿಲ್ವಲ್ಲವ್ವ. ನಾನು ಇದೂ ನಮ್ಮದೇ ಅಂತ ಅಂದ್ಕಂಡಿದ್ದೆ. ನಿಮ್ ಮ್ಯಾಲೆ ಜಗಳಕ್ಕೆ ಬಂದಿವ್ನಿ."

"ಜಗಳ ಆಡು, ಬ್ಯಾಡ ಅಂದೋರ್ಯಾರು? ಮೊದಲು ನಿಮ್ಮಪ್ಪಾರಿಗೆ ನೀರು ಕುಡಿಸು, ಬಿಸಿಲಾಗ ಬಂದಾರ."

ಮಗ ಬಹಳ ದಿನ ಅವ್ವನ ಜೊತೆ ಮಾತಾಡಲಿಲ್ಲ. ಆದರೆ ಅಮರಾಪುರದ ಹುಡುಗಿ ವ್ಯವಹಾರದಲ್ಲಿ ಚುರುಕಾಗಿದ್ದಳು. ತನ್ನ ಗಂಡನಿಗೆ ಅಲ್ಲಿ ಶೇಂಗಾ, ಕುರಿ ಬಿಟ್ಟು ಬರಲು ಆಗುವುದಿಲ್ಲ, ಈ ಹೊಲ ಯಾರಾದರೂ ಮಾಡಲೇಬೇಕು ಎಂದು ಅವಳೇ ಅವನ ಮನೆಗೆ ಬಂದಳು. "ಅಣ್ಣ, ಮೋಟ್ರು ನಿಂದು, ನೆಲ ನಮ್ದು. ಪಾಲಿಗೆ ನೀನೇ ಮಾಡು. ಬೇರೆಯೋರಿಗೆ ಕೊಟ್ರೆ ನಮ್ಮಪ್ಪ ಒಪ್ಪಾಕಿಲ್ಲ" ಎಂದಳು. ಅವನು ಈಗಲೂ ಅಲ್ಲಿ ಟೊಮೆಟೊ ಬೆಳೆಯುತ್ತಾನೆ. ಅವಳು ಬಂದಾಗ ಅವನ ಹೆಂಡತಿ ಕೋಳಿ ಕೊಯ್ಯುತ್ತಾಳೆ. ಅವ್ವನ ಮೇಲಿನ ಸಿಟ್ಟು ಒಂದು ಬೆಳೆಯ ಹೊತ್ತಿಗೆ ಇಳಿಯಿತು.

ದೊಡ್ಡವ್ವ ಮಾತ್ರ ಈಚೆಯಲ್ಲಿ ಇರಲಿಲ್ಲ. ಹೊಲದಲ್ಲಿ ಒಂದು ಗುಡಿಸಲು ಹಾಕಿಸಿಕೊಂಡು, ಎರಡು ಪಾತ್ರೆ, ಒಂದು ಕಂಬಳಿ, ನಾಲ್ಕು ಕೋಳಿ ತೆಗೆದುಕೊಂಡು ಆಚೆಗೆ ಹೋಗಿಬಿಟ್ಟಳು. ಮಗ ಬಿಡದೆ ವಾರಕ್ಕೊಮ್ಮೆ ಬೈಕಿನಲ್ಲಿ ಹೋಗಿ ಅಕ್ಕಿ, ಬೇಳೆ ಕೊಟ್ಟು ಬರುತ್ತಿದ್ದ. ಸೊಸೆ ಸಿಟ್ಟಾದಳು, ಊರು ಏನು ಅನ್ನುತ್ತದೆ ಎಂದಳು. "ಊರಿಗೆ ಹೇಳು, ನಾನೇನು ಮನಿ ಬಿಟ್ಟು ಹೋಗಿಲ್ಲ, ಹೊಲಕ್ಕ ಹೋಗೀನಿ. ಸಂಜೀಕ ಬರ್ತೀನಿ ಅಂತ ಹೇಳು" ಎಂದಳಂತೆ. ಆ ಸಂಜೆ ಆಕೆಗೆ ಆಗಲೇ ಇಲ್ಲ.

ಮಗಳು ಅಪ್ಪನನ್ನು ಅಮರಾಪುರಕ್ಕೆ ಕರೆದೊಯ್ಯಬೇಕೆಂದಿದ್ದಳು. ಅವರು ಮಂಚದ ಕಾಲನ್ನು ಎಡಗೈಯಲ್ಲಿ ಹಿಡಿದು ಬಿಡಲಿಲ್ಲ. ಕೊನೆಗೆ ಅವರ ತಮ್ಮನ ಮನೆಯವರು ಊಟ ನೋಡಿಕೊಳ್ಳುವುದು, ಮಗಳು ಆಗಾಗ ಬರುವುದು ಎಂದಾಯಿತು. ಬೆಳಗಾದರೆ ಅವರು ಕೋಲೂರಿಕೊಂಡು ಬೇವಿನಮರದ ಕೆಳಗೆ ಬಂದು ಕೂರುತ್ತಿದ್ದರು. ಇಷ್ಟು ವರ್ಷ ತಾವು ಉತ್ತ ನೆಲವನ್ನು ಈಗ ಆಕೆ ಉಳುಮೆ ಮಾಡಿಸುವುದನ್ನು ನೋಡುತ್ತಿದ್ದರು. ತಪ್ಪು ಕಂಡರೆ ಕೋಲಿನಿಂದ ನೆಲ ಕುಟ್ಟುತ್ತಿದ್ದರು. ಆಕೆ ಪಕ್ಕದಲ್ಲೇ ಇದ್ದ ಅವರಿಗೂ ಹೊಳೆ ದಾಟುವಷ್ಟು ಗಟ್ಟಿ ದನಿಯಲ್ಲಿ ಉತ್ತರ ಕೊಡುತ್ತಿದ್ದಳು. ಹೊಲಗಳ ಕಡೆಯಿಂದ ಕೆಲಸ ಮುಗಿಸಿ ಹೋಗುವ ಕೂಲಿಯವರು ಜಗಳ ಅಂದುಕೊಂಡು ಬಂದು ನೋಡಿ ಹೋದದ್ದುಂಟು.

ಸತ್ತಾಗ ಆಕೆಯನ್ನು ಆ ಹೊಲದ ಮೂಲೆಯಲ್ಲೇ ಮಣ್ಣು ಮಾಡಿದರು. ನಾನು ಹೋಗುವಷ್ಟರಲ್ಲಿ ಎರಡೂ ಊರಿನವರು ಸೇರಿ ಎಲ್ಲ ಮುಗಿಸಿದ್ದರು. ಆಚೆಯ ಅಣ್ಣ ಒಬ್ಬರೇ ಮರದ ಕೆಳಗೆ ಇದ್ದರು. ನನ್ನನ್ನು ಕಂಡು ಕೋಲೆತ್ತಿ, ಕೂಡು ಎಂದು ಜಾಗ ತೋರಿಸಿದರು. ಬಹಳ ಹೊತ್ತು ಕೂತು ಬಂದೆ.

ಆದರೆ ನಾನು ಆಕೆಯನ್ನು ನೆನೆಯುವಾಗ ಮನಸ್ಸಿಗೆ ಬರುವುದು ಆ ದಿನವಲ್ಲ. ಅದಕ್ಕೂ ಮುಂಚಿನ ವರ್ಷ, ಜೋಳ ಹಾಲುಗಾಳಾಗಿದ್ದಾಗ, ಮಕ್ಕಳನ್ನು ಕರೆದುಕೊಂಡು ಆಕೆಯ ಹೊಲಕ್ಕೆ ಹೋಗಿದ್ದೆ. ಆಕೆ ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಗೋಣಿಚೀಲದ ಮೇಲೆ ಉಜ್ಜಿ ಸೀತನಿ ಮಾಡುತ್ತಿದ್ದಳು. ಹೊಗೆಗೆ ಕಣ್ಣು ಕಿರಿದಾಗಿದ್ದವು. ಬೇವಿನ ಕೆಳಗೆ ಅಣ್ಣ ತೂಕಡಿಸುತ್ತಿದ್ದರು. ಆ ವರ್ಷ ಮೇಲೆ ಒಳ್ಳೆಯ ಮಳೆಯಾಗಿ ಹೊಳೆಯ ನೀರು ಇನ್ನೂ ಬದುವಿಗೆ ಸ್ವಲ್ಪವೇ ದೂರದಲ್ಲಿ ಹರಿಯುತ್ತಿತ್ತು. ಅದನ್ನು ನೋಡಿ ನನಗೆ ಒಳಗೊಳಗೇ ಹೆದರಿಕೆ.

"ದೊಡ್ಡವ್ವ, ಹೊಳಿ ಮತ್ತೆ ದಾರಿ ಬದಲಿ ಮಾಡಿದ್ರೆ? ಈ ಹೊಲ ಮತ್ತೆಲ್ಲಾದರೂ ಹೋದ್ರೆ?"

ಆಕೆ ಅಂಗೈಯಲ್ಲಿದ್ದ ಕಾಳಿನ ಹೊಟ್ಟನ್ನು ಊದಿ ಹಾರಿಸಿ, ಬಿಸಿ ಸೀತನಿಯನ್ನು ನನ್ನ ಕೈಗೆ ಸುರಿದಳು.

"ಹೋಗಲಿ ಬಿಡವ್ವ. ಆವಾಗ ನಾನು ದಂಡಿ ಮ್ಯಾಲ ನಿಂತಿದ್ದೆ, ಬಿಟ್ಟು ಹೋತು. ಈ ಸಲ ಹೊಲದಾಗ ಇರ್ತೀನಿ. ಎತ್ತ ಹೊಕ್ಕೈತೋ ಅತ್ತ ನನ್ನೂ ಕರಕೊಂಡು ಹೊಕ್ಕೈತಿ. ತಿನ್ನು, ಆರಿದ್ರ ರುಚಿ ಇರಂಗಿಲ್ಲ."